ಮರಳಿ ತುಂಬಿದರೂ ಏಳದ ಗಣಕ: ಬೂಟ್ ವಲಯದ ಚರಿತ್ರೆಯಿಂದ ಕೆಲವು ಪುಟಗಳು

ಕಾಪಿಟ್ಟ ಪ್ರತಿಯನ್ನು ಮರಳಿ ತುಂಬಿದ ಮೇಲೆ ಗಣಕಯಂತ್ರ ಏಳದೆ ಹೋಗುವುದು ಇಂದು ನಿನ್ನೆಯ ಪೀಡೆಯಲ್ಲ. ಬ್ಯಾಕಪ್ ಎಂಬ ಆಜ್ಞೆ ಮೇಜಿನ ಮೇಲಿನ ಐಬಿಎಂ ಗಣಕಗಳಿಗೆ ಬಂದದ್ದು 1983ರಲ್ಲಿ. ಈ ಪೀಡೆಯೂ ಅದರ ಬೆನ್ನಿಗೇ ಬಂದಿತು. ಅಂದಿನಿಂದ ಇಂದಿನವರೆಗೆ ಯಂತ್ರಗಳು ಬದಲಾಗಿವೆ, ಪರದೆಯ ಮೇಲೆ ಮೂಡುವ ಸಂದೇಶದ ಮಾತುಗಳು ಬದಲಾಗಿವೆ, ಎದುರು ಕುಳಿತವನ ಮುಖಭಾವ ಮಾತ್ರ ಬದಲಾಗಿಲ್ಲ. ಲೇಖನಗಳು, ಚಿತ್ರಗಳು, ಲೆಕ್ಕಪತ್ರಗಳು ಎಲ್ಲವೂ ಡಿಸ್ಕಿನಲ್ಲಿ ಸುರಕ್ಷಿತವಾಗಿವೆ ಎಂದು ತಂತ್ರಾಂಶ ಹೇಳಿರುತ್ತದೆ. ಆ ಮಾತು ಸುಳ್ಳೂ ಅಲ್ಲ. ಆದರೂ ಯಂತ್ರ ಕಪ್ಪು ಪರದೆಯ ಮೇಲೆ ಒಂದು ಸಾಲು ಬಿಳಿಯ ಅಕ್ಷರವನ್ನು ತೋರಿಸಿ ನಿಂತುಬಿಡುತ್ತದೆ. ಹಾಗಾದರೆ ಮರಳಿ ಬಾರದೆ ಉಳಿದದ್ದು ಯಾವುದು?

ಈ ಪ್ರಶ್ನೆಯನ್ನು ನಾವು ಎತ್ತಿಕೊಳ್ಳುತ್ತಿರುವುದು ತಿರುವನಂತಪುರದ ಶ್ರೀಕಾರ್ಯದಲ್ಲಿ ಕುಳಿತು. ಉಳ್ಳೂರಿನಿಂದ ಕಳಕ್ಕೂಟಕ್ಕೆ ಹೋಗುವ ಹೆದ್ದಾರಿಯ ಮೇಲಿರುವ ಈ ಊರಿನ ಒಂದು ಕಡೆ ಎಂಜಿನಿಯರಿಂಗ್ ಕಾಲೇಜು, ಇನ್ನೊಂದು ಕಡೆ 1963ರಲ್ಲಿ ಆರಂಭವಾದ ಕೇಂದ್ರೀಯ ಗೆಡ್ಡೆಬೆಳೆಗಳ ಸಂಶೋಧನಾ ಸಂಸ್ಥೆ, ತುಸು ಮುಂದೆ ಕಾರ್ಯವಟ್ಟದ ವಿಶ್ವವಿದ್ಯಾಲಯದ ಆವರಣ, ಅದನ್ನು ದಾಟಿದರೆ 1990ರಲ್ಲಿ ಸ್ಥಾಪನೆಯಾದ ಟೆಕ್ನೋಪಾರ್ಕ್. ಗಣಕವನ್ನೇ ನಂಬಿ ಬದುಕುವವರು ಇಲ್ಲಿ ಬೀದಿಗೆ ಹತ್ತು ಮಂದಿ ಸಿಗುತ್ತಾರೆ. ಊರು ಬಿಟ್ಟು ಬಂದ ಕನ್ನಡಿಗರಿಗಂತೂ ತಮ್ಮ ಭಾಷೆಯ ಬರಹ, ಪತ್ರವ್ಯವಹಾರ, ಮನೆಮಂದಿಯ ಭಾವಚಿತ್ರ ಎಲ್ಲವೂ ಆ ಒಂದು ಪೆಟ್ಟಿಗೆಯೊಳಗೇ ಇರುವುದರಿಂದ ಅದು ಏಳದೆ ಹೋದರೆ ಆಗುವ ಕಳವಳ ಬೇರೆಯೇ ಬಗೆಯದು.

ಮೊದಲು ಏಳುವುದು ಎಂದರೇನು ಎಂಬುದನ್ನು ನೋಡೋಣ. ಗಣಕಕ್ಕೆ ಯಾವ ಕೆಲಸ ಮಾಡಬೇಕಾದರೂ ಒಂದು ಕ್ರಮವಿಧಿ ಬೇಕು. ಆ ಕ್ರಮವಿಧಿಯನ್ನು ಸ್ಮರಣೆಗೆ ತಂದುಕೊಳ್ಳುವುದೂ ಒಂದು ಕೆಲಸ. ಅದಕ್ಕೂ ಇನ್ನೊಂದು ಕ್ರಮವಿಧಿ ಬೇಕು. ಎಷ್ಟೇ ಪಳಗಿದ ನಟನಾದರೂ ತನ್ನ ಹೆಗಲನ್ನು ತಾನೇ ಏರಲಾರನೆಂದು ನಮ್ಮ ತಾರ್ಕಿಕರು ಹೇಳುತ್ತಿದ್ದರು. ಇಂಗ್ಲಿಷರು ಇದನ್ನೇ ಬೂಟಿನ ಪಟ್ಟಿ ಹಿಡಿದು ತನ್ನನ್ನು ತಾನೇ ಮೇಲೆತ್ತಿಕೊಳ್ಳುವ ಚೋದ್ಯವಾಗಿ ಹೇಳಿದರು. ಬೂಟ್ ಎಂಬ ಹೆಸರು ಬಂದದ್ದು ಅಲ್ಲಿಂದ. 1949ರ ಮೇ ತಿಂಗಳಲ್ಲಿ ಕೇಂಬ್ರಿಡ್ಜಿನಲ್ಲಿ ಎಡ್ಸಾಕ್ ಎಂಬ ಯಂತ್ರ ಮೊದಲ ಬಾರಿಗೆ ಓಡಿದಾಗ ಡೇವಿಡ್ ವೀಲರ್ ಈ ತೊಡಕಿಗೆ ಕಂಡುಕೊಂಡ ಉಪಾಯ ಸರಳವಾಗಿತ್ತು. ಟೆಲಿಫೋನ್ ವಿನಿಮಯ ಕೇಂದ್ರಗಳಲ್ಲಿ ಬಳಸುತ್ತಿದ್ದ ಸ್ವಿಚ್ಚುಗಳಲ್ಲಿ 31 ಆಜ್ಞೆಗಳನ್ನು ತಂತಿಯ ಜೋಡಣೆಯಾಗಿಯೇ ಕೂಡಿಸಿಟ್ಟರು. ಗುಂಡಿ ಒತ್ತಿದೊಡನೆ ಆ 31 ಆಜ್ಞೆಗಳು ಸ್ಮರಣೆಗೆ ಇಳಿದು, ಕಾಗದದ ಪಟ್ಟಿಯಿಂದ ಉಳಿದದ್ದನ್ನು ಓದಿಕೊಳ್ಳುತ್ತಿದ್ದವು. 1965ರ ಪಿಡಿಪಿ-8ರಂಥ ಯಂತ್ರಗಳಲ್ಲಿ ಅಷ್ಟೂ ಇರಲಿಲ್ಲ. ಮುಂಬದಿಯ ಸ್ವಿಚ್ಚುಗಳನ್ನು ಮೇಲೆ ಕೆಳಗೆ ಮಾಡಿ ಮೊದಲ ಕೆಲವು ಆಜ್ಞೆಗಳನ್ನು ಕೈಯಿಂದಲೇ ಉಣಿಸಬೇಕಿತ್ತು. ಯಂತ್ರವನ್ನು ಎಬ್ಬಿಸುವ ಮಂತ್ರ ಅಲ್ಲಿ ಡಿಸ್ಕಿನಲ್ಲಿ ಇರಲಿಲ್ಲ, ಮನುಷ್ಯನ ಬೆರಳಿನಲ್ಲಿತ್ತು.

1981ರ ಐಬಿಎಂ ಪಿಸಿ ಈ ಮಂತ್ರವನ್ನು ಎರಡು ಪಾಲು ಮಾಡಿತು. ಒಂದು ಪಾಲು ಮದರ್‌ಬೋರ್ಡಿನ ಚಿಪ್ಪಿನಲ್ಲಿ ಬಯಾಸ್ ಎಂಬ ಹೆಸರಿನಿಂದ ಉಳಿಯಿತು. ಇನ್ನೊಂದು ಪಾಲು ಡಿಸ್ಕಿನ ಮೊಟ್ಟಮೊದಲ ವಲಯದಲ್ಲಿ, ಕೇವಲ 512 ಬೈಟುಗಳ ಜಾಗದಲ್ಲಿ ನೆಲೆಸಿತು. ಬಯಾಸ್ ಮಾಡುವುದು ಇಷ್ಟೇ: ಆ 512 ಬೈಟುಗಳನ್ನು ಓದುವುದು, ಕೊನೆಯ ಎರಡು ಬೈಟುಗಳಲ್ಲಿ ಗೊತ್ತಾದ ಮುದ್ರೆ ಇದೆಯೇ ಎಂದು ನೋಡುವುದು, ಇದ್ದರೆ ಅದಕ್ಕೇ ಅಧಿಕಾರ ಒಪ್ಪಿಸಿ ಹಿಂದೆ ಸರಿಯುವುದು. 1983ರ ಮಾರ್ಚಿನಲ್ಲಿ 10 ಮೆಗಾಬೈಟಿನ ಹಾರ್ಡ್ ಡಿಸ್ಕ್ ಹೊತ್ತ ಪಿಸಿ ಎಕ್ಸ್‌ಟಿ ಬಂದಾಗ ಆ ಮೊದಲ ವಲಯದೊಳಗೆ ಇನ್ನೂ ಒಂದು ಭಾರ ಸೇರಿತು. ಡಿಸ್ಕಿನಲ್ಲಿ ಯಾವ ಭಾಗ ಎಲ್ಲಿ ಆರಂಭವಾಗುತ್ತದೆ, ಎಷ್ಟು ದೊಡ್ಡದು ಎಂಬ ಪಟ್ಟಿಗೆ 64 ಬೈಟು; ಎಬ್ಬಿಸುವ ಆಜ್ಞೆಗಳಿಗೆ 446; ಮುದ್ರೆಗೆ 2. ಈ ಹಂಚಿಕೆ ಮುಂದಿನ ಮೂವತ್ತು ವರ್ಷ ಲೋಕದ ಬಹುಪಾಲು ಮೇಜು ಗಣಕಗಳನ್ನು ಆಳಿತು.

ಅದೇ ವರ್ಷದ ಡಾಸ್ 2.0ರಲ್ಲಿ ಬ್ಯಾಕಪ್ ಮತ್ತು ರಿಸ್ಟೋರ್ ಎಂಬ ಎರಡು ಆಜ್ಞೆಗಳು ಬಂದವು. ತುಂಬಿದ ಹತ್ತು ಮೆಗಾಬೈಟಿನ ಡಿಸ್ಕನ್ನು ಕಾಪಿಡಲು 360 ಕಿಲೋಬೈಟಿನ ಸುಮಾರು 30 ಫ್ಲಾಪಿಗಳನ್ನು ಒಂದಾದ ಮೇಲೊಂದರಂತೆ ತೂರಿಸುತ್ತ ಕೂರಬೇಕಿತ್ತು. ಇಷ್ಟು ತಾಳ್ಮೆಯಿಂದ ಕಾಪಿಟ್ಟವರಿಗೂ ಮರಳಿ ತುಂಬುವಾಗ ಒಂದು ಸತ್ಯ ಎದುರಾಗುತ್ತಿತ್ತು. ಬ್ಯಾಕಪ್ ನಕಲು ಮಾಡುತ್ತಿದ್ದುದು ಕಡತಗಳನ್ನು. ಮೊದಲ ವಲಯ ಕಡತವೇ ಅಲ್ಲ, ಅದಕ್ಕೆ ಹೆಸರಿಲ್ಲ, ಅದು ಯಾವ ಕಡತಪಟ್ಟಿಯಲ್ಲಿಯೂ ಕಾಣುವುದಿಲ್ಲ. ಡಾಸ್‌ನ ಮೂಲವಾಗಿದ್ದ ಎರಡು ಗುಪ್ತ ಕಡತಗಳಿಗಾದರೂ ಹೆಸರಿತ್ತು. ಆದರೆ ಅವು ಡಿಸ್ಕಿನಲ್ಲಿ ಗೊತ್ತಾದ ಸ್ಥಳದಲ್ಲೇ ಇರಬೇಕಿತ್ತು. ಅವುಗಳನ್ನು ಬೇರೆ ಕಡೆ ಇರಿಸಿದರೆ, ಅಥವಾ ಒಂದು ಆವೃತ್ತಿಯ ಡಾಸ್ ಇದ್ದ ಡಿಸ್ಕಿಗೆ ಇನ್ನೊಂದು ಆವೃತ್ತಿಯ ಕಡತಗಳನ್ನು ಸುರಿದರೆ, ಎಲ್ಲ ಇದ್ದೂ ಯಂತ್ರ ಏಳುತ್ತಿರಲಿಲ್ಲ. ಮುಂದಿನ ಆವೃತ್ತಿಗಳು ರಿಸ್ಟೋರ್ ಆಜ್ಞೆ ಆ ಎರಡು ಕಡತಗಳ ತಂಟೆಗೇ ಹೋಗದಂತೆ ಮಾಡಿ, ಆ ಕೆಲಸವನ್ನು ಸಿಸ್ ಎಂಬ ಬೇರೆ ಆಜ್ಞೆಗೆ ಬಿಟ್ಟವು. ಪರಿಹಾರವೇನೋ ಸರಿ. ಆದರೆ ಕಾಪಿಡುವುದು ಬೇರೆ, ಎಬ್ಬಿಸುವುದು ಬೇರೆ ಎಂಬ ಈ ಒಡಕನ್ನು ಬಳಕೆದಾರನಿಗೆ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅಂದಿನ ಕೈಪಿಡಿಗಳ ಬಗ್ಗೆ ನಮಗಿರುವ ದೊಡ್ಡ ತಕರಾರು ಇದೇ.

ಹೆಸರಿಲ್ಲದ ಆ 512 ಬೈಟುಗಳ ಬೆಲೆಯನ್ನು ಲೋಕಕ್ಕೆ ತಿಳಿಸಿಕೊಟ್ಟವರು ವೈರಸ್ ಬರೆದವರು ಎನ್ನುವುದು ವಿಪರ್ಯಾಸ. 1986ರಲ್ಲಿ ಲಾಹೋರಿನಿಂದ ಹೊರಟ ಬ್ರೇನ್ ಫ್ಲಾಪಿಗಳ ಬೂಟ್ ವಲಯದಲ್ಲಿ ಅಡಗುತ್ತಿತ್ತು. 1998ರಲ್ಲಿ ತೈವಾನಿನ ಚೆನ್ ಇಂಗ್-ಹಾವ್ ಬರೆದ ಸಿಐಹೆಚ್ ಎಂಬುದು 1999ರ ಏಪ್ರಿಲ್ 26ರಂದು ಎದ್ದು, ಡಿಸ್ಕಿನ ಮೊದಲ ಒಂದು ಮೆಗಾಬೈಟನ್ನು ಸೊನ್ನೆಗಳಿಂದ ತುಂಬಿತು. ಕೆಲವು ಮದರ್‌ಬೋರ್ಡುಗಳಲ್ಲಿ ಬಯಾಸ್ ಚಿಪ್ಪನ್ನೂ ಅಳಿಸಿತು. ಭಾರತದಲ್ಲಿಯೂ ಅಂದು ಅನೇಕ ಗಣಕಗಳು ಮೌನವಾದವು. ಆ ದಿನದ ನಿಜವಾದ ನಷ್ಟವನ್ನು ಮಾಡಿದ್ದು ವೈರಸ್ ಒಂದೇ ಅಲ್ಲ, ಗಾಬರಿಯೂ ಹೌದು ಎಂಬುದು ನಮ್ಮ ಅಭಿಪ್ರಾಯ. ಅಳಿದದ್ದು ಮೊದಲ ಒಂದು ಮೆಗಾಬೈಟು ಮಾತ್ರ. ದೊಡ್ಡ ಫ್ಯಾಟ್-32 ಡಿಸ್ಕುಗಳಲ್ಲಿ ಕಡತಗಳ ಇರವನ್ನು ಹೇಳುವ ಕೋಷ್ಟಕದ ಎರಡನೆಯ ಪ್ರತಿ ಆ ಗಡಿಯಿಂದಾಚೆಗೆ ಸುರಕ್ಷಿತವಾಗಿರುತ್ತಿತ್ತು. ಅದರ ನೆರವಿನಿಂದ ಎಲ್ಲವನ್ನೂ ಹೊರತೆಗೆಯಬಹುದಿತ್ತು. ಡಿಸ್ಕ್ ಸತ್ತಿತೆಂದು ಬಗೆದು ಫಾರ್ಮ್ಯಾಟ್ ಮಾಡಿ ವಿಂಡೋಸನ್ನು ಹೊಸದಾಗಿ ಹೂಡಿದವರು ಆ ಎರಡನೆಯ ಪ್ರತಿಯ ಮೇಲೂ ಗುದ್ದಲಿ ಹಾಕಿದರು. ಏಳದ ಗಣಕದ ಮುಂದೆ ಕುಳಿತವರು ಮೊದಲು ಮಾಡಬೇಕಾದದ್ದು ಕೈಕಟ್ಟಿ ಕೂರುವುದು. ಆ ಡಿಸ್ಕಿಗೆ ಏನನ್ನೂ ಬರೆಯದೆ, ಸಾಧ್ಯವಾದರೆ ಇದ್ದ ಸ್ಥಿತಿಯಲ್ಲೇ ಅದರ ಸಂಪೂರ್ಣ ನಕಲನ್ನು ಬೇರೊಂದು ಡಿಸ್ಕಿಗೆ ತೆಗೆದುಕೊಳ್ಳುವುದು.

ಕಡತಗಳನ್ನಲ್ಲದೆ ಇಡೀ ಡಿಸ್ಕನ್ನೇ ವಲಯ ವಲಯವಾಗಿ ನಕಲು ಮಾಡಿದರೆ ಈ ತೊಡಕು ತೀರಬಹುದಲ್ಲವೇ ಎಂಬ ಯೋಚನೆಯಿಂದ ಹುಟ್ಟಿದ್ದು ಘೋಸ್ಟ್. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಮರ್ರೆ ಹಜಾರ್ಡ್ ರೂಪಿಸಿದ ಈ ತಂತ್ರಾಂಶವನ್ನು 1998ರಲ್ಲಿ ಸಿಮ್ಯಾಂಟೆಕ್ ಕೊಂಡಿತು. ನಮ್ಮ ನಾಡಿನ ರಿಪೇರಿ ಅಂಗಡಿಗಳಲ್ಲಿ ಅದು ಕ್ರಿಯಾಪದವೇ ಆಗಿಹೋಯಿತು. ಡಿಸ್ಕನ್ನು ಘೋಸ್ಟ್ ಮಾಡಿಕೊಡಿ ಎಂದರೆ ಯಾರಿಗೂ ಅರ್ಥವಾಗುತ್ತಿತ್ತು. ಅದೇ ಯಂತ್ರಕ್ಕೆ ಮರಳಿ ತುಂಬಿದಾಗ ಘೋಸ್ಟ್ ನಂಬಿಕೆಗೆ ಎರವಾಗುತ್ತಿದ್ದುದು ಕಡಿಮೆ. ಕೆಟ್ಟ ಯಂತ್ರದ ಪ್ರತಿಯನ್ನು ಹೊಸ ಯಂತ್ರಕ್ಕೆ ತುಂಬಿದಾಗ ಮಾತ್ರ ನೀಲಿ ಪರದೆ ಬರುತ್ತಿತ್ತು. ವಿಂಡೋಸ್ ಎಕ್ಸ್‌ಪಿ ತನ್ನ ಹಳೆಯ ಡಿಸ್ಕ್ ನಿಯಂತ್ರಕಕ್ಕೆ ತಕ್ಕ ಚಾಲಕವನ್ನು ಮಾತ್ರ ಇಟ್ಟುಕೊಂಡಿರುತ್ತಿತ್ತು. ಹೊಸ ಮದರ್‌ಬೋರ್ಡು ಅಹಚಿ ಎಂದು ಕರೆಯುವ ವಿಧಾನದಲ್ಲಿ ಡಿಸ್ಕನ್ನು ತೋರಿಸಿದರೆ ತಾನು ಕುಳಿತ ಡಿಸ್ಕನ್ನೇ ಅದು ಗುರುತಿಸಲಾರದೆ ಹೋಗುತ್ತಿತ್ತು. ಬಯಾಸ್ ಒಳಹೊಕ್ಕು ಆ ಒಂದು ಆಯ್ಕೆಯನ್ನು ಹಳೆಯ ಐಡಿಇ ವಿಧಾನಕ್ಕೆ ತಿರುಗಿಸಿದರೆ ಎಷ್ಟೋ ಯಂತ್ರಗಳು ಎದ್ದು ಕೂರುತ್ತಿದ್ದವು.

ನಮ್ಮ ನೆರೆಯ ಗೆಡ್ಡೆಬೆಳೆ ಸಂಸ್ಥೆಯವರಿಗೆ ಇದು ಹೊಸ ಮಾತಲ್ಲ. ಮರಗೆಣಸಿನ ತಳಿಗಳನ್ನು ಕಾಂಡದ ತುಂಡುಗಳಿಂದಲೇ ಉಳಿಸಿಕೊಂಡು ಬರಬೇಕು. ಹೊಲದಲ್ಲಿರುವ ಸಂಗ್ರಹಕ್ಕೆ ರೋಗ ತಗುಲಿದರೆ ಎಂದು ಪ್ರಯೋಗಶಾಲೆಯ ಶೀಷೆಗಳಲ್ಲಿಯೂ ಒಂದು ಪ್ರತಿಯನ್ನು ಬೆಳೆಸಿಡುತ್ತಾರೆ. ಆ ಪುಟ್ಟ ಸಸಿಯನ್ನು ಶೀಷೆಯಿಂದ ತೆಗೆದು ನೇರವಾಗಿ ಬಿಸಿಲಿಗೆ ಇಟ್ಟರೆ ಬಾಡಿಹೋಗುತ್ತದೆ. ಕೆಲವು ವಾರ ನೆರಳಿನಲ್ಲಿ, ತೇವದಲ್ಲಿ ಹದಗೊಳಿಸಿಯೇ ಹೊರಗಿನ ಮಣ್ಣಿಗೆ ಒಗ್ಗಿಸಬೇಕು. ತಳಿ ಅದೇ, ಗಿಡ ಅದೇ, ಬದಲಾದದ್ದು ನೆಲ.

ಎಕ್ಸ್‌ಪಿ ಕಾಲದ ಇನ್ನೊಂದು ಸಂದೇಶದ ಬಗ್ಗೆ ಹೇಳದೆ ಮುಂದೆ ಹೋಗಲಾರೆವು. ಹಾಲ್ ಡಿಎಲ್‌ಎಲ್ ಎಂಬ ಕಡತ ಕಾಣೆಯಾಗಿದೆ ಅಥವಾ ಕೆಟ್ಟಿದೆ ಎಂದು ಪರದೆ ಸಾರುತ್ತಿತ್ತು. ಜನ ಆ ಕಡತವನ್ನು ಹುಡುಕಿ ತಂದು ಹಾಕುತ್ತಿದ್ದರು, ಏನೂ ಆಗುತ್ತಿರಲಿಲ್ಲ. ಬಹುಪಾಲು ಸಂದರ್ಭಗಳಲ್ಲಿ ಕಡತ ತನ್ನ ಜಾಗದಲ್ಲೇ ಇರುತ್ತಿತ್ತು. ವಿಂಡೋಸ್ ಡಿಸ್ಕಿನ ಎಷ್ಟನೆಯ ಭಾಗದಲ್ಲಿದೆ ಎಂದು ಬೂಟ್ ಐಎನ್‌ಐ ಎಂಬ ಚಿಕ್ಕ ಕಡತದಲ್ಲಿ ಅಂಕೆಯಾಗಿ ಬರೆದಿರುತ್ತಿತ್ತು. ಮರಳಿ ತುಂಬುವಾಗ ಭಾಗಗಳ ಎಣಿಕೆ ಬದಲಾದರೆ, ಮೊದಲನೆಯದು ಎರಡನೆಯದಾದರೆ, ಯಂತ್ರ ತಪ್ಪು ಮನೆಯ ಬಾಗಿಲು ತಟ್ಟಿ, ಒಳಗೆ ಯಾರೂ ಇಲ್ಲವೆಂದು ಬಂದು ಹೇಳುತ್ತಿತ್ತು. ಆ ಒಂದು ಅಂಕೆ ತಿದ್ದಿದರೆ ಸಾಕಿತ್ತು. ಸಂದೇಶ ಹೇಳುವುದು ಯಂತ್ರ ಎಡವಿದ ಜಾಗವನ್ನು, ಎಡವಲು ಕಾರಣವನ್ನಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನಮಗೆ ತಿಳಿದಿಲ್ಲ. ಮುಂದೆ ವಿಸ್ತಾ ಆ ಚಿಕ್ಕ ಕಡತವನ್ನು ಕೈಬಿಟ್ಟು ಬಿಸಿಡಿ ಎಂಬ ದತ್ತಕೋಶವನ್ನು ತಂದಿತು. ಎಣಿಕೆಯ ಬದಲು ಮೊದಲ ವಲಯದಲ್ಲಿ ಬರೆದ ನಾಲ್ಕು ಬೈಟಿನ ಗುರುತನ್ನು ಅದು ನೋಡತೊಡಗಿತು. ಪ್ರತಿಯನ್ನು ಬೇರೆ ಡಿಸ್ಕಿಗೆ ತುಂಬಿದಾಗ ಆ ಗುರುತು ಹೊಂದದೆ ಹೋದರೆ ಹಳೆಯ ಕಥೆಯೇ ಹೊಸ ಸಂದೇಶದೊಂದಿಗೆ ಮರುಕಳಿಸಿತು.

ಇಲ್ಲಿ ಕೇರಳದ ಚರಿತ್ರೆ ಬಂದು ಕೂಡುತ್ತದೆ. 2001ರ ಜುಲೈಯಲ್ಲಿ ರಿಚರ್ಡ್ ಸ್ಟಾಲ್‌ಮನ್ ತಿರುವನಂತಪುರಕ್ಕೆ ಬಂದು ಮುಕ್ತ ತಂತ್ರಾಂಶ ಪ್ರತಿಷ್ಠಾನದ ಭಾರತೀಯ ಶಾಖೆಯನ್ನು ಉದ್ಘಾಟಿಸಿದರು. ಅದೇ ಸುಮಾರಿಗೆ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆ, 2017ರಲ್ಲಿ ಕೈಟ್ ಎಂಬ ಹೆಸರಿನ ಸರಕಾರಿ ಸಂಸ್ಥೆಯಾಗಿ ಬೆಳೆಯಿತು. ಶಾಲೆಗಳ ಗಣಕಗಳಿಗೆಂದೇ ಗ್ನು/ಲಿನಕ್ಸಿನ ಒಂದು ಆವೃತ್ತಿಯನ್ನು ಅದು ಸಿದ್ಧಪಡಿಸಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕಲಿಯುವುದೂ ಇದೇ ವ್ಯವಸ್ಥೆಯ ಮೇಲೆ. ಅವರ ಐಟಿ ಪಠ್ಯಪುಸ್ತಕ ಕನ್ನಡದಲ್ಲಿಯೂ ಇದೆ. ಕರ್ನಾಟಕದ ಬಹುಪಾಲು ಮಕ್ಕಳು ವಿಂಡೋಸಿನ ಕಿಟಕಿಯಿಂದಲೇ ಗಣಕವನ್ನು ಕಂಡ ವರ್ಷಗಳಲ್ಲಿ ಗಡಿನಾಡಿನ ಕನ್ನಡ ಮಕ್ಕಳು ಲಿನಕ್ಸಿನಲ್ಲಿ ಕೈಪಳಗಿಸಿಕೊಂಡರೆಂಬುದು ನಮ್ಮ ಸಾಹಿತ್ಯ ಚರ್ಚೆಗಳಲ್ಲಿ ಎಲ್ಲಿಯೂ ಬಾರದ ಸಂಗತಿ.

ಒಂದೇ ಡಿಸ್ಕಿನಲ್ಲಿ ವಿಂಡೋಸ್, ಲಿನಕ್ಸ್ ಎರಡನ್ನೂ ಇರಿಸಿದವರೆಲ್ಲ ಒಂದು ದಿನ ಕಂಡೇ ಕಾಣುವ ನೋಟವೊಂದಿದೆ. ವಿಂಡೋಸ್ ಕೆಟ್ಟಿತೆಂದು ಅದನ್ನು ಮರಳಿ ಹೂಡಿದರೆ, ಅದು ಆ ಮೊದಲ ವಲಯದಲ್ಲಿ ಬೇರೆಯವರು ಇದ್ದಾರೆಯೇ ಎಂದು ಕೇಳದೆ ತನ್ನ ಆಜ್ಞೆಗಳನ್ನು ಬರೆದುಬಿಡುತ್ತದೆ. ಲಿನಕ್ಸನ್ನು ಎಬ್ಬಿಸುತ್ತಿದ್ದ ಗ್ರಬ್ ಅಳಿಸಿಹೋಗುತ್ತದೆ. ಲಿನಕ್ಸ್ ಕಳೆದುಹೋಯಿತೆಂದು ದುಃಖಿಸುವವರು ಡಿಸ್ಕನ್ನು ಲೈವ್ ಸಿಡಿಯಿಂದ ತೆರೆದು ನೋಡಿದರೆ ಅದು ಅಲ್ಲೇ ಇರುತ್ತದೆ. ಲಿನಕ್ಸ್ ಭಾಗವನ್ನು ಸರಿಸಿದಾಗ ಇದರ ತಿರುಗುಮುರುಗು ನಡೆಯುತ್ತದೆ: ಗ್ರಬ್‌ನ ತಲೆ ಮೊದಲ ವಲಯದಲ್ಲಿ ಉಳಿದು ದೇಹ ಕಾಣದಾಗಿ, ಗ್ರಬ್ ರೆಸ್ಕ್ಯೂ ಎಂಬ ಸೂಚನೆ ಮಿನುಗುತ್ತ ಕೂರುತ್ತದೆ. ಎರಡಕ್ಕೂ ಮದ್ದು ಒಂದೇ ಬಗೆಯದು. ಹೊರಗಿನ ಸಿಡಿಯಿಂದಲೋ ಯುಎಸ್‌ಬಿ ಕಡ್ಡಿಯಿಂದಲೋ ಯಂತ್ರವನ್ನು ಎಬ್ಬಿಸಿ, ಒಳಗಿನ ವ್ಯವಸ್ಥೆಯನ್ನು ಪ್ರವೇಶಿಸಿ, ಗ್ರಬ್‌ಅನ್ನು ಮತ್ತೆ ಬರೆಸಬೇಕು.

ಕಡತಗಳ ಬ್ಯಾಕಪ್ಪನ್ನು ಹೊಸದಾಗಿ ಫಾರ್ಮ್ಯಾಟ್ ಮಾಡಿದ ಡಿಸ್ಕಿಗೆ ತುಂಬಿದ ಲಿನಕ್ಸ್ ಬಳಕೆದಾರರಿಗೆ ಇನ್ನೂ ಒಂದು ಮುಳ್ಳು ಕಾದಿರುತ್ತದೆ. 2006ರ ಹೊತ್ತಿಗೆ ಲಿನಕ್ಸಿನಲ್ಲಿ ಡಿಸ್ಕುಗಳ ಹೆಸರುಗಳೇ ಬದಲಾಗತೊಡಗಿದ್ದರಿಂದ, ಹೆಸರಿನ ಬದಲು ಯುಯುಐಡಿ ಎಂಬ ಉದ್ದನೆಯ ಗುರುತುಸಂಖ್ಯೆಯನ್ನು ನಂಬುವ ರೂಢಿ ಬಂತು. ಫಾರ್ಮ್ಯಾಟ್ ಮಾಡಿದಾಗಲೆಲ್ಲ ಈ ಸಂಖ್ಯೆ ಹೊಸದಾಗಿ ಹುಟ್ಟುತ್ತದೆ. ಮರಳಿ ಬಂದ ಕಡತಗಳಲ್ಲಿ ಬರೆದಿರುವುದು ಹಳೆಯ ಸಂಖ್ಯೆ. ಎಫ್‌ಎಸ್‌ಟ್ಯಾಬ್ ಎಂಬ ಕಡತದಲ್ಲಿ ಆ ಸಂಖ್ಯೆಯನ್ನು ತಿದ್ದದ ಹೊರತು ಯಂತ್ರ ಅರ್ಧ ಎದ್ದು ಮತ್ತೆ ಕೂರುತ್ತದೆ.

2012ರಲ್ಲಿ ವಿಂಡೋಸ್ 8 ಬಂದ ಮೇಲೆ ಹೊಸ ಗಣಕಗಳಲ್ಲಿ ಬಯಾಸ್‌ನ ಜಾಗವನ್ನು ಯುಇಎಫ್‌ಐ ಹಿಡಿಯಿತು. ಹೆಸರಿಲ್ಲದ ಮೊದಲ ವಲಯದ ದರ್ಬಾರು ಅಲ್ಲಿಗೆ ಮುಗಿಯಬೇಕಿತ್ತು. ಎಬ್ಬಿಸುವ ಕ್ರಮವಿಧಿಗೆ ಈಗ ಹೆಸರು ಬಂತು. ಡಿಸ್ಕಿನ ಒಂದು ಪುಟ್ಟ ಭಾಗದಲ್ಲಿ, ಎಲ್ಲರೂ ಓದಬಲ್ಲ ಕಡತವಾಗಿ ಅದು ಕೂತಿತು. ಆದರೆ ಯಾವ ಕಡತವನ್ನು ಎಬ್ಬಿಸಬೇಕೆಂಬ ಪಟ್ಟಿ ಡಿಸ್ಕನ್ನು ಬಿಟ್ಟು ಮದರ್‌ಬೋರ್ಡಿನ ಸ್ಮರಣೆಗೆ ಹೋಯಿತು. ಇದು ಕಾಪಿಡುವವರಿಗೆ ಮೊದಲಿಗಿಂತ ಕಠಿಣ. ಹಿಂದೆ ಇಡೀ ಡಿಸ್ಕನ್ನು ನಕಲು ಮಾಡಿದರೆ ಮೊದಲ ವಲಯವೂ ಜೊತೆಗೆ ಬರುತ್ತಿತ್ತು. ಈಗ ಡಿಸ್ಕಿನ ಕೊನೆಯ ಬೈಟನ್ನೂ ಬಿಡದೆ ನಕಲು ಮಾಡಿದರೂ ಆ ಪಟ್ಟಿ ಬರುವುದಿಲ್ಲ. ಆದ್ದರಿಂದ ಇಂದು ಪ್ರತಿಯನ್ನು ಮರಳಿ ತುಂಬಿ ಏಳದ ಯಂತ್ರದ ಮುಂದೆ ಕೇಳಬೇಕಾದ ಪ್ರಶ್ನೆಗಳಿಗೆ ಒಂದು ಕ್ರಮವಿದೆ. ಸೆಟಪ್ ಪರದೆಯಲ್ಲಿ ಡಿಸ್ಕ್ ಕಾಣುತ್ತಿದೆಯೇ? ಪ್ರತಿ ತೆಗೆದಾಗ ಯಂತ್ರ ಹಳೆಯ ಬಯಾಸ್ ರೀತಿಯಲ್ಲಿತ್ತೇ, ಯುಇಎಫ್‌ಐ ರೀತಿಯಲ್ಲಿತ್ತೇ, ಈಗಲೂ ಅದೇ ರೀತಿಯಲ್ಲಿದೆಯೇ? ಬೂಟ್ ಕಡತವಿರುವ ಆ ಪುಟ್ಟ ಭಾಗವೂ ಮರಳಿ ಬಂದಿದೆಯೇ, ಅಥವಾ ಸಿ ಡ್ರೈವನ್ನು ಮಾತ್ರ ಕಾಪಿಡಲಾಗಿತ್ತೇ? ಇವಿಷ್ಟೂ ಸರಿಯಿದ್ದರೆ ಉಳಿಯುವುದು ಆ ಪಟ್ಟಿ ಮತ್ತು ಬಿಸಿಡಿ. ವಿಂಡೋಸ್ ಹೂಡುವ ಯುಎಸ್‌ಬಿಯಿಂದ ಯಂತ್ರವನ್ನು ಎಬ್ಬಿಸಿ ಬಿಸಿಡಿಬೂಟ್ ಎಂಬ ಆಜ್ಞೆ ಕೊಟ್ಟರೆ ಎರಡನ್ನೂ ಅದು ಹೊಸದಾಗಿ ಬರೆಯುತ್ತದೆ. ಅರ್ಧ ಗಂಟೆಯ ಕೆಲಸ. ಇದನ್ನು ತಿಳಿಯದ ಅಂಗಡಿಗಳಲ್ಲಿ ಫಾರ್ಮ್ಯಾಟ್ ಮಾಡುವುದೊಂದೇ ದಾರಿಯೆಂದು ಹೇಳುವುದನ್ನು ನಾವು ಇಂದಿಗೂ ಕೇಳುತ್ತೇವೆ.

ಡಿಸ್ಕಿಗೆ ಬೀಗ ಹಾಕಿದ್ದರೆ ಮಾತು ಬೇರೆ. ಬಿಟ್‌ಲಾಕರ್ ಬಳಸುವ ಯಂತ್ರಗಳಲ್ಲಿ ಬೀಗದ ಕೈ ಮದರ್‌ಬೋರ್ಡಿನ ಚಿಪ್ಪೊಂದರಲ್ಲಿರುತ್ತದೆ. ಮದರ್‌ಬೋರ್ಡು ಬದಲಾದರೆ, ಕೆಲವೊಮ್ಮೆ ಸೆಟಪ್ ಆಯ್ಕೆ ಬದಲಾದರೂ, 48 ಅಂಕೆಗಳ ಸಂಖ್ಯೆಯನ್ನು ಅದು ಕೇಳುತ್ತದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ಒಂದು ದೋಷಪೂರಿತ ಕಡತದಿಂದ ಲೋಕದಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಗಣಕಗಳು ಏಳದೆ ನಿಂತಾಗ, ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಟ್ಟದ್ದು ಓದುಗರಿಗೆ ನೆನಪಿರಬಹುದು. ಮದ್ದು ಸರಳವಾಗಿತ್ತು, ಒಂದು ಕಡತವನ್ನು ಅಳಿಸಬೇಕಿತ್ತು ಅಷ್ಟೇ. ಆದರೆ ಬೀಗ ಹಾಕಿದ ಪ್ರತಿ ಯಂತ್ರದ ಮುಂದೆ ಕುಳಿತು 48 ಅಂಕೆಗಳನ್ನು ಒತ್ತಬೇಕಿತ್ತು. ಕೆಲವು ಕಚೇರಿಗಳಲ್ಲಿ ಆ ಸಂಖ್ಯೆಗಳನ್ನು ಕಾಪಿಟ್ಟಿದ್ದ ಸರ್ವರುಗಳೂ ಎದ್ದಿರಲಿಲ್ಲ. ಆ ಸಂಖ್ಯೆಯನ್ನು ಕಾಗದದ ಮೇಲೆ ಬರೆದಿಡುವವರನ್ನು ಕಂಡು ನಗುತ್ತಿದ್ದವರು ಅಂದು ನಗಲಿಲ್ಲ. ಕಾರ್ಯವಟ್ಟದ ಹಸ್ತಪ್ರತಿ ಗ್ರಂಥಾಲಯದಲ್ಲಿ ಸಾವಿರಾರು ತಾಳೆಯೋಲೆಯ ಕಟ್ಟುಗಳಿವೆ. ಅವುಗಳಿಗೆ ಹುಳದ ಭಯವುಂಟು, ತೇವದ ಭಯವುಂಟು, ಏಳದೆ ಹೋಗುವ ಭಯವಿಲ್ಲ.

ಇನ್ನು ಕನ್ನಡದ ಮಾತು. ಯಂತ್ರವನ್ನು ಎಬ್ಬಿಸುವ ಗೋಜೇ ಬೇಡವೆಂದು ಡಿಸ್ಕನ್ನು ಬೇರೆ ಗಣಕಕ್ಕೆ ಜೋಡಿಸಿ ಕಡತಗಳನ್ನಷ್ಟೇ ತೆಗೆದುಕೊಳ್ಳುವುದು ಬುದ್ಧಿವಂತಿಕೆಯೇ. ಇಂಗ್ಲಿಷಿನಲ್ಲಿ ಬರೆಯುವವರಿಗೆ ಅಷ್ಟು ಸಾಕು. ಕನ್ನಡಿಗರಿಗೆ ಎಷ್ಟೋ ಸಲ ಅಷ್ಟು ಸಾಲದು. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನ ಸಿಕ್ಕಿತ್ತು. ವಿಂಡೋಸ್ ಎಕ್ಸ್‌ಪಿಯೊಂದಿಗೆ 2001ರಲ್ಲಿ ತುಂಗಾ ಎಂಬ ಯೂನಿಕೋಡ್ ಅಕ್ಷರರೂಪವೂ ಬಂತು. ಆದರೂ ಪುಸ್ತಕ ಅಚ್ಚು ಹಾಕಿಸುವವರು ಬಹುಕಾಲ ನುಡಿ, ಬರಹ, ಶ್ರೀಲಿಪಿಗಳ ಹಳೆಯ ಬಗೆಯ ಅಕ್ಷರರೂಪಗಳಲ್ಲೇ ಬೆರಳಚ್ಚು ಮಾಡಿದರು. ಈ ಬಗೆಯ ಕಡತದಲ್ಲಿ ಇರುವುದು ಕನ್ನಡ ಅಕ್ಷರಗಳಲ್ಲ, ರೋಮನ್ ಸಂಕೇತಗಳು. ಅವು ಕನ್ನಡವಾಗಿ ಕಾಣುವುದು ಆ ಅಕ್ಷರರೂಪ ಗಣಕದಲ್ಲಿ ಹೂಡಿದ್ದರೆ ಮಾತ್ರ. ನುಡಿಯಲ್ಲಿ ಹಾಗೆ ಬರೆದ ಲೇಖನವನ್ನು ಹೊಸ ಗಣಕದಲ್ಲಿ ತೆರೆದರೆ, ಕನ್ನಡ ಎಂಬ ಪದವೇ ಪೌಂಡಿನ ಗುರುತೂ ತಲೆಯ ಮೇಲೆ ಗೆರೆ ಹೊತ್ತ ರೋಮನ್ ಅಕ್ಷರಗಳೂ ಬೆರೆತ ಗೋಜಲಾಗಿ ಕಾಣುತ್ತದೆ. ಅಕ್ಷರರೂಪ ಇದ್ದದ್ದು ಲೇಖನಗಳ ಕೋಶದಲ್ಲಲ್ಲ, ಏಳದೆ ಮಲಗಿದ ಆ ವಿಂಡೋಸಿನ ಒಳಗಿನ ಫಾಂಟ್ಸ್ ಕೋಶದಲ್ಲಿ. ಲೇಖನಗಳನ್ನು ಉಳಿಸಿಕೊಂಡೆವೆಂದು ಸಮಾಧಾನಪಟ್ಟು ಹಳೆಯ ಡಿಸ್ಕನ್ನು ಅಳಿಸಿದವರು, ಓದುವ ಕಣ್ಣನ್ನೇ ಅಳಿಸಿರುತ್ತಾರೆ. ಹೊರನಾಡಿನ ಸಂಘಗಳ ಹಳೆಯ ಸಂಚಿಕೆಗಳು, ಸ್ಮರಣ ಸಂಪುಟಗಳು ಹೀಗೆ ಇದ್ದೂ ಇಲ್ಲದಂತಾಗುವ ಅಪಾಯ ನಿಜವಾದದ್ದು.

ಆದ್ದರಿಂದ ಡಿಸ್ಕನ್ನು ಅಳಿಸುವ ಮೊದಲು ಫಾಂಟ್ಸ್ ಕೋಶವನ್ನು ಪೂರ್ತಿಯಾಗಿ ನಕಲು ಮಾಡಿಕೊಳ್ಳಬೇಕು. ಹಳೆಯ ಬರಹವನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಇಂದು ಉಚಿತವಾಗಿ ಸಿಗುತ್ತವೆ. ಪುಟಗಟ್ಟಲೆ ಬರಹವನ್ನು ಅವು ಕ್ಷಣಮಾತ್ರದಲ್ಲಿ ತಿರುಗಿಸುತ್ತವೆ. ತೊಡಕು ಬರುವುದು ಹೆಚ್ಚಾಗಿ ಅರ್ಕಾವತ್ತಿನಲ್ಲಿ. ಹಳೆಯ ಅಕ್ಷರರೂಪಗಳಲ್ಲಿ ಅದು ಕಣ್ಣಿಗೆ ಕಾಣುವ ಹಾಗೆಯೇ ವ್ಯಂಜನದ ನಂತರ ಇರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರಣೆಯ ಕ್ರಮದಂತೆ ರಕಾರ ಮೊದಲು ಬರಬೇಕು. ಪರಿವರ್ತಕ ಎಲ್ಲಿ ಅದನ್ನು ಹಿಂದಕ್ಕೆ ಒಯ್ಯಲು ಮರೆಯುತ್ತದೋ ಅಲ್ಲಿ ಸೂರ್ಯ, ಕಾರ್ಯ, ಧರ್ಮ ಮೊದಲಾದ ಪದಗಳು ಮುರಿದು ಬೀಳುತ್ತವೆ. ಆ ಪದಗಳನ್ನು ಮೂಲದ ಹಳೆಯ ಅಚ್ಚಿನ ಪ್ರತಿಯೊಂದಿಗೆ ಹೋಲಿಸಿ, ಒಂದೊಂದಾಗಿ ಕೈಯಿಂದಲೇ ತಿದ್ದಬೇಕು.